ನಾರುಹುಳಕ್ಕೆ ಬುತ್ತಿ ಕಟ್ಟಿದವರು

ಬೇಸಿಗೆ ಬಂತೆಂದರೆ ಕಮಲಾಪುರದಲ್ಲಿ ಓಣಿಗೊಬ್ಬರಾದರೂ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿರುತ್ತಾರೆ. ದಾರಿಯಲ್ಲಿ ಹೋಗುವವರು ಅವರನ್ನು "ಏನಾಯ್ತು?" ಎಂದು ಕೇಳುವುದಿಲ್ಲ. "ಎಲ್ಲಿ ಹೊಂಟದ?" ಎಂದು ಕೇಳುತ್ತಾರೆ. ಹಿಮ್ಮಡಿಯಲ್ಲೋ, ಮೀನಖಂಡದಲ್ಲೋ, ಮೊಳಕಾಲಲ್ಲೋ ಎಂದು ತಿಳಿದರೆ ಸಾಕು, ತಲೆಯಾಡಿಸಿ ಮುಂದೆ ಹೋಗುತ್ತಾರೆ. ಹೊರಟದ್ದು ನಾರು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಬೊಬ್ಬೆ ಏಳುತ್ತದೆ. ಕೆಂಡ ಇಟ್ಟ ಹಾಗೆ ಉರಿಯುತ್ತದೆ. ಒಡೆದ ಮೇಲೆ ಅದರೊಳಗಿಂದ ಬಿಳಿಯ ದಾರದಂಥ ಹುಳ ಇಣುಕುತ್ತದೆ. ಅದೇ ನಾರುಹುಣ್ಣು.

ಕಲ್ಯಾಣಪ್ಪನ ಮನೆಗೆ ಅದು ಬಂದ ಬಗೆಯನ್ನು ಕೇಳಿರಿ.

ಊರ ಹೊರಗೆ ಕಲ್ಯಾಣಪ್ಪನದು ಕೆಂಪು ಬಾಳೆಯ ತೋಟ. ತೋಟದ ನಡುವೆ ಅವನ ಅಪ್ಪ ಕಡಿಸಿದ ಪಾವಟಿಗೆ ಬಾವಿ. ಮೇಲಿನಿಂದ ನೀರಿನೊಳಗೆ ಇಳಿಯುವ ಕಲ್ಲಿನ ಮೆಟ್ಟಿಲು. ಹೆಂಗಸರು ಮೊಳಕಾಲುದ್ದ ನೀರಿಗೆ ಇಳಿದು, ಅಂಗೈಯಿಂದ ಮೇಲಿನ ಕಸ ಸರಿಸಿ, ಕೊಡ ಮುಳುಗಿಸುತ್ತಾರೆ. ಕಲ್ಯಾಣಪ್ಪನ ಹೆಂಡತಿ ತುಳಜಾಬಾಯಿ ಹೀಗೆಯೇ ನೀರು ತರುತ್ತಿದ್ದಳು. ಮಗಳು ವಿಮಲಾ ಮಾತ್ರ ಮೆಟ್ಟಿಲು ಇಳಿಯುತ್ತಿರಲಿಲ್ಲ, ಹಾರುತ್ತಿದ್ದಳು. ಒಂದನ್ನು ಬಿಟ್ಟು ಒಂದರ ಮೇಲೆ ಕಾಲಿಟ್ಟು, ಕೊಡ ತುಂಬಿ ಮೇಲೆ ಬಂದರೂ ಅವಳ ಉಸಿರು ಏರುತ್ತಿರಲಿಲ್ಲ. "ಇದು ಹುಡುಗಿ ಅಲ್ಲ, ಮೇಕಿ ಮರಿ" ಎಂದು ಅಜ್ಜಿ ಶಂಕ್ರಮ್ಮ ಬಯ್ಯುತ್ತಿದ್ದಳು. ಬಯ್ಯುವಾಗ ಅವಳ ಮುಖದಲ್ಲಿ ನಗು ಇರುತ್ತಿತ್ತು.

ಹೋದ ಬೇಸಿಗೆಯಲ್ಲಿ ಶಂಕ್ರಮ್ಮನ ಹಿಮ್ಮಡಿಯಲ್ಲಿ ನಾರು ಹೊರಟಿತ್ತು. ಆಗ ಆ ಸೀಮೆಯಲ್ಲಿ ಎಲ್ಲರೂ ಮಾಡುವುದನ್ನೇ ಅವರೂ ಮಾಡಿದರು. ಹುಣ್ಣಿಗೆ ತಂಪು ಮಾಡಿದರು. ಎಂದರೆ, ಉರಿಯುವ ಕಾಲನ್ನು ಬಾವಿಗೆ ಒಯ್ದರು. ನೀರಿನ ಪಕ್ಕದ ಮೆಟ್ಟಿಲ ಮೇಲೆ ಬಾಳೆಲೆಯ ತುಂಡಿನಲ್ಲಿ ಮೊಸರನ್ನದ ಎಡೆ ಇಟ್ಟು, ಕಾಲನ್ನು ನೀರಿನಲ್ಲಿ ಇಳಿಬಿಟ್ಟು ಅವಳನ್ನು ಕೂರಿಸಿದರು. ನೀರು ತಾಗಿದೊಡನೆ ಉರಿ ಇಳಿಯಿತು. ಹುಣ್ಣಿನ ಬಾಯಿಂದ ಅಕ್ಕಿ ತೊಳೆದ ನೀರಿನಂಥದು ಹೊರಬಂದು ಬಾವಿಯಲ್ಲಿ ಕರಗಿತು. "ದೇವಿ ಸಿಟ್ಟು ಇಳೀತು" ಎಂದು ಶಂಕ್ರಮ್ಮ ಕೈ ಮುಗಿದಳು. ಅವಳ ಕೈ ಹಿಡಿದು ಇಳಿಸಿದವಳು ವಿಮಲಾ. ಅಜ್ಜಿಯ ಪಕ್ಕದಲ್ಲೇ ನಿಂತು ಕೊಡ ತುಂಬಿದವಳೂ ಅವಳೇ.

ಅಂದು ಸಂಜೆ ಅಂಗಳದಲ್ಲಿ ಶಂಕ್ರಮ್ಮ ಮೊಮ್ಮಗಳಿಗೆ ಒಂದು ಕಥೆ ಹೇಳಿದಳು.

"ಎಲ್ಲಾ ಜೀವ ಹುಟ್ಟಿಸಿದ ಮ್ಯಾಲ ಶಿವ ಬುತ್ತಿ ಹಂಚಾಕ ಕುಂತ. ಬಾಳಿಗಿಡ ಬಂತು. 'ಎಪ್ಪಾ, ನನಗ ಕಾಲಿಲ್ಲ. ಎಲ್ಲಿಗೆ ಹೋಗಿ ಬೇಡಲಿ?' ಅಂತು. 'ನೀ ಎಲ್ಲಿಗೂ ಹೋಗಬ್ಯಾಡವ್ವ. ಬೇರಿಲಿಂದ ಮಣ್ಣಾನ ಸಾರ ಕುಡಿ, ಎಲಿ ಚಾಚಿ ಬಿಸಲಾಗ ಅಡಗಿ ಮಾಡ್ಕೊ' ಅಂದ. ಆಕಳ ಬಂತು. 'ಗಿಡ ಮಾಡಿದ ಅಡಗಿ ನೀ ಉಣ್ಣು' ಅಂದ. ಹುಲಿ ಬಂತು. 'ಹುಲ್ಲು ತಿಂದವರನ್ನ ನೀ ತಿನ್ನು' ಅಂದ. ಅಣಬಿ, ಗೆದ್ದಲ ಎಲ್ಲಾ ಹಿಂದ ನಿಂತಿದ್ವು. 'ಸತ್ತದ್ದು, ಕೊಳತದ್ದು ನಿಮ್ಮ ಪಾಲು. ನೀವು ಉಂಡು ಮಣ್ಣು ಮಾಡ್ರಿ, ಆ ಮಣ್ಣು ಮತ್ತ ಬಾಳಿಗಿಡ ಉಣ್ತದ' ಅಂದ."

"ಮಾವಿನ ಗಿಡದ ಮ್ಯಾಲ ಬೆಳೀತದಲ್ಲ ಆಯಿ, ಬಂದಳಿಕಿ, ಅದಕ್ಕ?"

"ಅದು ಮಲಕ್ಕೊಂಡು ತಡ ಮಾಡಿ ಬಂತು. ಬುತ್ತಿ ತೀರಿತ್ತು. ಅದಕ್ಕ ಮಂದಿ ಅಡಗಿ ಮನಿ ಹೊಕ್ಕು ಕದ್ದು ಉಣ್ತದ."

ವಿಮಲಾ ಅಜ್ಜಿಯ ಕಾಲು ನೋಡಿದಳು. "ಮತ್ತ ಈ ಹುಳಕ್ಕ ಶಿವ ಏನು ಬುತ್ತಿ ಕೊಟ್ಟ?"

"ಇದು ಹುಳ ಅಲ್ಲ, ದೇವಿ ಸಿಟ್ಟು. ಬಾಯಿ ಮುಚ್ಚಿ ಮಲಕ್ಕೊ."

ವರ್ಷ ತಿರುಗಿತು. ಈ ಬೇಸಿಗೆಯಲ್ಲಿ ವಿಮಲಾಳ ಮೊಳಕಾಲಿನ ಹಿಂದೆ ಬೊಬ್ಬೆ ಎದ್ದಿತು.

ಅವಳನ್ನೂ ಬಾವಿಗೆ ಒಯ್ದು ಎಡೆ ಇಟ್ಟರು, ತಂಪು ಮಾಡಿದರು. ಹುಳ ತಲೆ ಹಾಕಿತು. ಸೊಂಟದುದ್ದ ನೀರಿನಲ್ಲಿ ಕೂತ ಮಗಳು ಅಳುವುದನ್ನು ಕಲ್ಯಾಣಪ್ಪನಿಗೆ ನೋಡಲಾಗಲಿಲ್ಲ.

"ಕುತ್ತಿಗಿ ಹಿಡದು ಒಮ್ಮೆ ಜಗ್ಗಿದ್ರ ಮುಗೀತು" ಎಂದ.

"ಬ್ಯಾಡ್ರಿ" ಎಂದಳು ತುಳಜಾಬಾಯಿ.

ಅವನು ಜಗ್ಗಿದ. ಹುಳ ತುಂಡಾಯಿತು. ಅರ್ಧ ಕೈಗೆ ಬಂತು, ಅರ್ಧ ಒಳಗೇ ಉಳಿಯಿತು.

ಮರುದಿನ ಕಾಲು ಬಾತು ಕೆಂಪಾಯಿತು. ಮೊಳಕಾಲು ಮಡಚಿದ್ದು ಮಡಚಿದ ಹಾಗೇ ನಿಂತಿತು. ಸೊಪ್ಪು ಕಟ್ಟಿದರು, ಇಂಗು ಹಚ್ಚಿದರು, ಹರಕೆ ಹೊತ್ತರು. ಜ್ವರದಲ್ಲಿ ಹುಡುಗಿ ಮೆಟ್ಟಿಲು ಎಣಿಸತೊಡಗಿದಾಗ ಕಲ್ಯಾಣಪ್ಪ ಬಂಡಿ ಕಟ್ಟಿದ. ಶಂಕ್ರಮ್ಮ ಬಂಡಿಯಲ್ಲಿ ಮೊದಲು ಇಟ್ಟದ್ದು ಒಂದು ದೊಡ್ಡ ತತ್ರಾಣಿ, ನೀರು ಒಯ್ಯುವ ಮಣ್ಣಿನ ಪಾತ್ರೆ. ಅದರ ತುಂಬ ತೋಟದ ಬಾವಿಯ ನೀರು.

"ಪರಊರ ನೀರು ಕೂಸಿನ ಮೈಗೆ ಆಗೂದಿಲ್ಲ. ನಮ್ಮ ನೀರು ಕುಡಿದ್ರ ಅರ್ಧ ಬ್ಯಾನಿ ಅಲ್ಲೇ ಹೋಗ್ತದ" ಎಂದಳು.

ಕೋಟೆಯ ಗೋಡೆ ದಾಟಿ ಬಂಡಿ ಕಲಬುರಗಿಯ ಸರ್ಕಾರಿ ದವಾಖಾನೆಗೆ ಬಂತು. ಡಾಕ್ಟರು ಕಾಲಿನ ಬಾವು ಕೊಯ್ದು ಕೀವು ತೆಗೆದರು. ಜ್ವರ ಇಳಿಯಿತು. ಮೊಳಕಾಲು ಬಿಚ್ಚಲಿಲ್ಲ.

ಹೆಂಗಸರ ವಾರ್ಡಿನಲ್ಲಿ ಹುಣ್ಣು ತೊಳೆದು ಪಟ್ಟಿ ಕಟ್ಟುವವಳು ಹಾಜಿರಾ. ಅದೇ ಊರಿನ ಶಹಾಬಜಾರದವಳು. ಕೆಲಸದಲ್ಲಿ ಕೈ ಮೆತ್ತಗೆ, ಮಾತಿನಲ್ಲಿ ನಾಲಿಗೆ ಬಿರುಸು.

"ಯಾರು ಜಗ್ಗಿದ್ರು ಇದನ್ನ?" ಎಂದು ಕೇಳಿದಳು.

ಕಲ್ಯಾಣಪ್ಪ ಬಾಗಿಲ ಕಡೆ ನೋಡಿದ.

"ಗೊತ್ತಾಯ್ತು ಬಿಡ್ರಿ. ಇಲ್ಲಿ ಬರೋ ಅಪ್ಪಂದಿರೆಲ್ಲಾ ಆ ಬಾಗಲಾನೇ ನೋಡ್ತಾರ. ಅಣ್ಣಾ, ಇದನ್ನ ಜಗ್ಗಬಾರದು. ಸಣ್ಣ ಕಡ್ಡಿಗೆ ಸುತ್ತಿ, ದಿನಾ ಅದು ಬಂದಷ್ಟೇ ಬಿಡಿಸ್ಕೋಬೇಕು. ಒಳಗ ಹರದ್ರ ವಿಷ."

"ಕಾಲು ನೆಟ್ಟಗಾಗ್ತದೇನ್ರಿ?" ತುಳಜಾಬಾಯಿ ಕೇಳಿದಳು.

ಹಾಜಿರಾ ಪಟ್ಟಿಯ ಕೊನೆ ಸಿಕ್ಕಿಸಿದಳು. ಮತ್ತೆ ಬಿಚ್ಚಿದಳು, ಮತ್ತೆ ಸಿಕ್ಕಿಸಿದಳು. "ದಿನಾ ಎಣ್ಣಿ ಹಚ್ಚಿ ತಿಕ್ಕ್ರಿ. ನನ್ನ ಅಮ್ಮೀಗೂ ಹಿಂಗೇ ಆಗಿತ್ತು" ಎಂದಳು.

"ಈಗ ಹೆಂಗ ಅದಾರ?"

"ಕೋಲು ಹಿಡದು ನಡೀತಾಳ."

ಆ ಹೊತ್ತಿಗೆ ಶಂಕ್ರಮ್ಮ ತತ್ರಾಣಿಯಿಂದ ನೀರು ಬಗ್ಗಿಸಿ ವಿಮಲಾಳ ಬಾಯಿಗೆ ಹಿಡಿದಳು. "ಕುಡಿಯವ್ವ, ನಮ್ಮ ಬಾವಿದು."

"ಏ ಆಯಿ!" ಹಾಜಿರಾ ಎದ್ದು ಬಂದು ಲೋಟ ಹಿಡಿದಳು. "ಯಾವ ಬಾವಿದು? ಪಾವಟಿಗಿ ಇಳಿಯೋ ಬಾವಿದಾ?"

"ಹೌದು, ಏನೀಗ? ನನ್ನ ಗಂಡ ಕಡಿಸಿದ ಬಾವಿ. ಕನ್ನಡಿ ಇದ್ದಂಗ ಅದ ನೀರು. ನಿಮ್ಮ ದವಾಖಾನಿ ನೀರಿನಂಗ ಔಷಧ ವಾಸನಿ ಹೊಡಿಯಂಗಿಲ್ಲ."

"ಕನ್ನಡಿಯಾಗ ಮಾರಿ ನೋಡ್ಕೋಬೇಕು ಆಯಿ, ಕುಡೀಬಾರದು."

"ನಿನ್ನ ನಾಲಿಗಿ ಒಂದು ಮೊಳ ಉದ್ದ ಅದ ನೋಡು."

"ನಿಮ್ಮ ಮೊಮ್ಮಗಳ ಕಾಲಾನ ಹುಳ ಅದಕ್ಕಿಂತ ಉದ್ದ ಇತ್ತು." ಹಾಜಿರಾ ಔಷಧದ ಕೋಣೆಯಿಂದ ಗಾಜಿನ ಲೋಟ ತಂದಳು. ತತ್ರಾಣಿಯ ನೀರು ತುಂಬಿ ಕಿಟಕಿಯ ಬಿಸಿಲಿಗೆ ಹಿಡಿದಳು. "ಬರ್ರಿ ಅಣ್ಣಾ. ನೀವೇ ನೋಡ್ರಿ."

ಕಲ್ಯಾಣಪ್ಪ ನೋಡಿದ. "ಏನದ? ನೀರು ಅದ."

"ಇನ್ನಷ್ಟು ನೋಡ್ರಿ."

ನೀರಿನಲ್ಲಿ ಸಣ್ಣ ಬಿಳಿ ಚುಕ್ಕೆಗಳಿದ್ದವು. ರವೆಯ ಕಾಳಿಗಿಂತ ಸಣ್ಣವು.

"ಧೂಳು" ಎಂದ ಕಲ್ಯಾಣಪ್ಪ.

"ಧೂಳು ತಳಕ್ಕ ಇಳೀತದ ಅಣ್ಣಾ. ಇದು ಮ್ಯಾಲ ಜಿಗಿಯಾಕತ್ತದ."

ಚುಕ್ಕೆ ನಿಜವಾಗಿಯೂ ಜಿಗಿಯಿತು. ನಿಂತಿತು, ಮತ್ತೆ ಜಿಗಿಯಿತು. ತುಳಜಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಇದು ನಾರಾ?" ಕಲ್ಯಾಣಪ್ಪನ ದನಿ ಇಳಿದಿತ್ತು.

"ಅಲ್ಲ. ಇದು ನೀರಾನ ಪುಟ್ಟ ಹುಳ. ಇದರದೇನೂ ತಪ್ಪಿಲ್ಲ. ನೀರಾಗ ಸಿಕ್ಕ ಪಾಚಿ, ಸಣ್ಣ ಪುಟ್ಟ ಜೀವ ತಿಂದು ಬದಕ್ತದ. ನಾರು ಹೊಂಟ ಕಾಲು ನೀರಾಗ ಇಟ್ರ, ಬೆಳ್ಳಗ ಏನೋ ಬರ್ತದಲ್ಲ?"

"ಸಿಟ್ಟು ಇಳದದ್ದು ಅದು" ಎಂದಳು ಶಂಕ್ರಮ್ಮ.

"ಅದು ನಾರುಹುಳದ ಮರಿ ಆಯಿ. ಸಾವಿರ ಸಾವಿರ ಮರಿ. ಹುಳಕ್ಕ ಮರಿ ಹಾಕಲಿಕ್ಕೆ ನೀರು ಬೇಕು. ಆ ಮರಿಗೋಳನ್ನ ಈ ಚುಕ್ಕಿ ನುಂಗ್ತದ. ಮರಿ ಸಾಯಂಗಿಲ್ಲ. ನುಂಗಿದವರ ಮೈಯಾಗೇ ಕೂತು, ಅವರದನ್ನೇ ಉಂಡು ಬೆಳೀತದ. ಆಮ್ಯಾಲ ನಾವು ಕೊಡ ಮುಳುಗಿಸಿ ಚುಕ್ಕಿ ಕುಡೀತೀವಿ. ಚುಕ್ಕಿ ನಮ್ಮ ಹೊಟ್ಟ್ಯಾಗ ಸಾಯ್ತದ, ಮರಿ ಹೊರಗ ಬರ್ತದ. ಒಂದು ವರ್ಷ ನಮ್ಮೊಳಗ ಇರ್ತದ. ಅದಕ್ಕ ಬಿಸಲಾಗ ಅಡಗಿ ಮಾಡ್ಲಿಕ್ಕೆ ಎಲಿ ಇಲ್ಲ, ಮೇಯಲಿಕ್ಕೆ ಹೊಲ ಇಲ್ಲ. ನಿಮ್ಮ ಮೈಯೇ ಅದರ ತೋಟ ಅಣ್ಣಾ. ನೀವು ಉಂಡ ರೊಟ್ಟಿಯೊಳಗಿನ ಸಾರ ಅದಕ್ಕೂ ಹೋಗ್ತದ."

ವಿಮಲಾ ಮಲಗಿದಲ್ಲಿಂದಲೇ ಕೇಳಿದಳು: "ಬಂದಳಿಕಿ ಇದ್ದಂಗ?"

"ಹೌದು ಬೇಟಾ, ಬಂದಳಿಕಿ ಇದ್ದಂಗ. ಆದ್ರ ಬಂದಳಿಕಿ ಗಿಡದ ಮ್ಯಾಲ ಕಣ್ಣಿಗೆ ಕಾಣ್ತದ. ಇದು ವರ್ಷ ತುಂಬೋತನ ಸುದ್ದೀನೇ ಕೊಡಂಗಿಲ್ಲ. ಮರಿ ಹಾಕೋ ಹೊತ್ತು ಬಂತಂದ್ರ ಕಾಲಿಗೆ ಇಳೀತದ, ಬೆಂಕಿ ಹಚ್ಚತದ. ಯಾಕ ಹೇಳು? ನೀ ಉರಿ ತಡೀಲಾರದ ನೀರಿಗೆ ಓಡಬೇಕಂತ. ಅದಕ್ಕ ಕಾಲಿಲ್ಲ. ನಿನ್ನ ಕಾಲಿಲೇ ಬಾವಿಗೆ ನಡ್ಕೊಂಡು ಹೋಗ್ತದ."

ಕಲ್ಯಾಣಪ್ಪ ಲೋಟವನ್ನು ನೆಲದ ಮೇಲಿಟ್ಟ. ಅದರ ಕಡೆ ಬೆನ್ನು ಮಾಡಿ ಕೂತ.

"ಇದು ನಿಮ್ಮ ದವಾಖಾನಿ ಕಥಿ. ನಮ್ಮಪ್ಪ, ನಮ್ಮ ಮುತ್ಯಾ ಎಲ್ಲರೂ ಇದೇ ನೀರು ಕುಡದಾರ" ಎಂದ.

"ಅವರಿಗೆ ನಾರು ಆಗಿತ್ತಾ ಇಲ್ಲಾ?"

ಕಲ್ಯಾಣಪ್ಪನ ಅಪ್ಪ ಕಡೆಯ ಕಾಲದಲ್ಲಿ ತೆವಳುತ್ತಾ ತೋಟಕ್ಕೆ ಹೋಗುತ್ತಿದ್ದ.

"ಔಷಧ ಕೊಡ್ರಿ ಮತ್ತ. ಮನಿ ಮಂದಿಗೆಲ್ಲಾ ಕುಡಿಸ್ತೀನಿ. ಒಳಗ ಇದ್ದದ್ದು ಒಳಗೇ ಸಾಯಲಿ."

"ಇಲ್ಲ ಅಣ್ಣಾ. ಈ ದವಾಖಾನಿಯಾಗೂ ಇಲ್ಲ, ಹೈದರಾಬಾದಿನಾಗೂ ಇಲ್ಲ. ಈಗಾಗಲೇ ಕುಡದದ್ದು ಒಳಗ ಅದ. ಅದು ಹೊರಗ ಬರೋದನ್ನ ಕಾಯೂದು, ಅಷ್ಟೇ. ಪ್ರತಿ ಬ್ಯಾಸಿಗ್ಯಾಗ ಈ ಹಾಸಿಗಿ ಹಿಂಗೇ ತುಂಬ್ತಾವ. ನಾ ಹಿಂಗೇ ಹೇಳ್ತೀನಿ. ಕಾಲು ಕೆಟ್ಟ ಮ್ಯಾಲ ಕೇಳ್ತಾರ, ಊರಿಗೆ ಹೋಗಿ ಮತ್ತ ಬಾವಿಗೆ ಇಳೀತಾರ." ಹಾಜಿರಾ ತನ್ನ ಹಳೆಯ ಸೀರೆಯ ತುಂಡನ್ನು ಇಮ್ಮಡಿ ಮಾಡಿ ಇನ್ನೊಂದು ಲೋಟದ ಬಾಯಿಗೆ ಕಟ್ಟಿದಳು. ತತ್ರಾಣಿಯ ನೀರು ಸುರಿದಳು. ಬಟ್ಟೆಯ ಮೇಲೆ ಚುಕ್ಕೆಗಳು ಉಳಿದವು. ಲೋಟದ ನೀರಿನಲ್ಲಿ ಒಂದೂ ಇರಲಿಲ್ಲ. "ಇಷ್ಟೇ ನಮ್ಮ ಕೈಯಾಗ ಇರೂದು. ಸೋಸಿ ಕುಡೀರಿ. ನಾರು ಹೊಂಟವರು ಬಾವಿಗೆ ಇಳೀಬ್ಯಾಡ್ರಿ. ಚುಕ್ಕಿ ಸಿಗದ ಮರಿಗೆ ಊಟ ಇಲ್ಲ, ಸಾಯ್ತದ. ಕುಡಿಯೋರು ಸಿಗದ ಚುಕ್ಕಿಯೊಳಗಿನ ಮರೀನೂ ಸಾಯ್ತದ."

ಶಂಕ್ರಮ್ಮ ತತ್ರಾಣಿಯನ್ನು ಹತ್ತಿರ ಎಳೆದುಕೊಂಡು ಅದರ ಬಾಯಿಗೆ ಅಂಗೈ ಮುಚ್ಚಿದಳು. ಮೆಲ್ಲಗೆ ಕೇಳಿದಳು: "ಹೋದ ಬ್ಯಾಸಿಗ್ಯಾಗ ನಾ ಕಾಲು ಇಳಿಬಿಟ್ಟಿದ್ದೆ. ಈಕಿ ನನ್ನ ಮಗ್ಗಲದಾಗ ನಿಂತು ಕೊಡ ತುಂಬಿದಳು. ಅದೇನಾ ಇದು?"

ಹಾಜಿರಾ ಮುದುಕಿಯ ಕೈಯನ್ನು ತತ್ರಾಣಿಯ ಮೇಲಿಂದ ಎತ್ತಿದಳು. ನೀರನ್ನು ಹೊರಗೆ ಒಯ್ದು ಒಣ ನೆಲಕ್ಕೆ ಚೆಲ್ಲಿ ಬಂದಳು.

ಮಳೆಗಾಲಕ್ಕೆ ಮೊದಲು ಅವರು ಕಮಲಾಪುರಕ್ಕೆ ಮರಳಿದರು. ಕಲ್ಯಾಣಪ್ಪ ಮಗಳನ್ನು ಬಂಡಿಯಿಂದ ಎತ್ತಿಕೊಂಡು ಇಳಿಸಿದ. ದಿನವೂ ಎಣ್ಣೆ ಹಚ್ಚಿ ತಿಕ್ಕಿದರು. ಮೊಳಕಾಲು ಕುಡುಗೋಲಿನ ಹಾಗೆ ಬಾಗಿ ನಿಂತಿತ್ತು, ಬಾಗಿಯೇ ಉಳಿಯಿತು. ಗಂಡು ನೋಡುತ್ತೇವೆಂದಿದ್ದ ನೆಂಟರು ಬಂದು, ಕಾಲು ನೋಡಿ, ನೀರನ್ನೂ ಕುಡಿಯದೆ ಹೋದರು.

ತುಳಜಾಬಾಯಿ ಕೊಡದ ಬಾಯಿಗೆ ಇಮ್ಮಡಿ ಬಟ್ಟೆ ಕಟ್ಟಿ ಸೋಸತೊಡಗಿದಳು. ನೆರೆಯವರು ನಕ್ಕರು. "ಕಲಬುರಗಿಗೆ ಹೋಗಿ ಬಂದಾಳ, ನೀರಿಗೂ ಕುಬಸ ತೊಡಸ್ತಾಳ" ಎಂದರು. ಕಲ್ಯಾಣಪ್ಪ ನಗಲಿಲ್ಲ, ಬಯ್ಯಲೂ ಇಲ್ಲ. ಅರ್ಧ ನಂಬಿದ್ದ, ಅರ್ಧ ನಂಬಿರಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಅವನ ಪಾದದಲ್ಲೇ ಬೊಬ್ಬೆ ಎದ್ದಿತು. ಅವನೂ ಹೋದ ವರ್ಷ ಅದೇ ನೀರು ಕುಡಿದವನಲ್ಲವೇ?

ಉರಿ ಎಂದರೆ ಅಂಥಿಂಥ ಉರಿಯಲ್ಲ. ಕುಂಟುತ್ತಾ ಬಾವಿಗೆ ಬಂದ. ಮೇಲಿನ ಮೆಟ್ಟಿಲಲ್ಲಿ ನಿಂತ. ಕೆಳಗೆ ತಣ್ಣನೆಯ ಹಸಿರು ನೀರು. ಕಾಲು ತಾನಾಗಿ ಒಂದು ಮೆಟ್ಟಿಲು ಇಳಿಯಿತು. ಇನ್ನೊಂದು ಇಳಿಯಿತು. ಆಗ ಅವನಿಗೆ ಹಾಜಿರಾಳ ಮಾತು ನೆನಪಾಯಿತು. ಇಳಿಯುತ್ತಿರುವವನು ತಾನೋ, ತನ್ನೊಳಗಿನ ಹುಳವೋ? ಅಲ್ಲೇ ಕುಸಿದು ಕೂತ. ಎರಡೂ ಕೈಯಿಂದ ಮೊಳಕಾಲು ಅಪ್ಪಿಕೊಂಡು ಹುಡುಗನ ಹಾಗೆ ಅತ್ತ. ತುಳಜಾಬಾಯಿ ಬಂದು ರಟ್ಟೆ ಹಿಡಿದು ಮೇಲೆ ಕರೆದೊಯ್ದಳು. ಬೇರೆ ಗಡಿಗೆಯಲ್ಲಿ ನೀರು ತಂದು, ಬಾವಿಯಿಂದ ದೂರ, ಒಣ ನೆಲದ ಮೇಲೆ ಅವನ ಕಾಲಿಗೆ ಹೊಯ್ದಳು. ಬೆಳ್ಳಗೆ ಬಂದದ್ದನ್ನು ಮಣ್ಣು ಕುಡಿಯಿತು. ದಿನವೂ ಸಣ್ಣ ಕಡ್ಡಿಗೆ ಸುತ್ತಿ ಹುಳ ತೆಗೆದರು. ಅವನು ಒಮ್ಮೆಯೂ ಜಗ್ಗಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

ಪಕ್ಕದ ಹೊಲದ ಪೀರಪ್ಪನಿಗೂ ನಾರು ಹೊರಟಿತ್ತು. ಒಂದು ಮುಂಜಾನೆ ಅವನು ಎಡೆ ಹಿಡಿದು ಬಾವಿಗೆ ಬಂದ. ಶಂಕ್ರಮ್ಮ ಮೆಟ್ಟಿಲಿಗೆ ಅಡ್ಡ ಕೂತಿದ್ದಳು.

"ಏಳ್ರಿ ಆಯಿ, ಕಾಲು ಸುಡಾಕತ್ತದ."

"ಇಳೀಬ್ಯಾಡಪ್ಪಾ. ಮ್ಯಾಲೇ ನೀರು ತಂದು ಹೊಯ್ತೀವಿ."

"ನೀವು ಇಳದಾಗ ಯಾರರ ಅಡ್ಡ ಬಂದಿದ್ರೇನು?"

"ಇಲ್ಲ. ಬಂದಿದ್ರ ನನ್ನ ಮೊಮ್ಮಗಳು ಇವತ್ತ ಓಡಾಡ್ತಿದ್ದಳು."

ಪೀರಪ್ಪ ಒಂದು ಗಳಿಗೆ ನಿಂತ. ಆದರೆ ಉರಿ ಮಾತು ಕೇಳುವುದಿಲ್ಲ. ಮುದುಕಿಯನ್ನು ಬಳಸಿ ಇಳಿದೇಬಿಟ್ಟ. ಕಾಲು ನೀರಿಗೆ ಬಿಟ್ಟು "ಹಾ..." ಎಂದ. ಅಕ್ಕಿ ತೊಳೆದ ನೀರಿನಂಥದು ಬಾವಿಯ ತುಂಬ ಹರಡಿತು. ಕಲ್ಯಾಣಪ್ಪನ ಮನೆಯವರು ಮೇಲೆ ನಿಂತು ನೋಡಿದರು. ಇಡೀ ಓಣಿ ಅದೇ ಬಾವಿಯ ನೀರು ಕುಡಿಯುತ್ತದೆ. ಅವರಲ್ಲಿ ಯಾರ ಕಾಲು, ಯಾರ ಮಗಳ ಕಾಲು ಎಂಬುದು ಮುಂದಿನ ಬೇಸಿಗೆಗೆ ಗೊತ್ತಾಗುತ್ತದೆ.

ಸಂಜೆ ಅಂಗಳದಲ್ಲಿ ವಿಮಲಾ ಕಂಬಕ್ಕೆ ಒರಗಿ ಕೂತಿದ್ದಳು.

"ಆಯಿ, ಕಥಿ ಹೇಳು."

"ಯಾವುದವ್ವ?"

"ಬುತ್ತಿದು. ಹುಳಕ್ಕ ಶಿವ ಏನು ಬುತ್ತಿ ಕೊಟ್ಟ, ಅದನ್ನ ನೀ ಹೇಳೇ ಇಲ್ಲ."

ಶಂಕ್ರಮ್ಮ ಮೊಮ್ಮಗಳ ಬಾಗಿದ ಮೊಳಕಾಲಿನ ಮೇಲೆ ಕೈಯಿಟ್ಟಳು. ಬಹಳ ಹೊತ್ತು ತಿಕ್ಕಿದಳು.

"ಶಿವ ಅದಕ್ಕ ಏನೂ ಕೊಟ್ಟಿಲ್ಲವ್ವ. ನಾವೇ ಕೊಟ್ಟೀವಿ. ಎಲಿ ಹಾಸಿ, ಮೊಸರನ್ನ ಇಟ್ಟು, ಕೈ ಮುಗದು ಕೊಟ್ಟೀವಿ."

ಓದುವ ಅಕ್ಕತಂಗಿಯರೇ, ಓದಿಸಿ ಕೇಳುತ್ತಿರುವ ತಾಯಂದಿರೇ, ವಿಮಲಾಳ ಕಾಲು ಇನ್ನು ನೆಟ್ಟಗಾಗುವುದಿಲ್ಲ. ನಿಮ್ಮೊಳಗೆ ಈಗಾಗಲೇ ಹೊಕ್ಕಿದ್ದರೆ ಅದನ್ನು ತೆಗೆಯುವ ಔಷಧವೂ ಇಲ್ಲ. ನಿಮ್ಮ ಬಾವಿಯಲ್ಲಿ ಇಂದು ಬೆಳಿಗ್ಗೆ ಯಾರು ಕಾಲಿಟ್ಟರೋ ನಿಮಗೆ ತಿಳಿಯದು. ಆದ್ದರಿಂದ ನಾಳೆ ಕೊಡ ಎತ್ತುವ ಮೊದಲು ಒಂದು ದಟ್ಟ ಬಟ್ಟೆ ಎತ್ತಿಕೊಳ್ಳಿ. ಇಮ್ಮಡಿ ಮಾಡಿ ಕೊಡದ ಬಾಯಿಗೆ ಕಟ್ಟಿ, ಸೋಸಿ ಕುಡಿಯಿರಿ. ಹೊಲಕ್ಕೆ ಹೋಗುವವರಿಗೂ ಸೋಸಿದ ನೀರನ್ನೇ ಕಟ್ಟಿ ಕಳಿಸಿರಿ. ಸೋಸಿದ ಬಟ್ಟೆಯನ್ನು ಬಾವಿಯಲ್ಲಿ ಜಾಲಿಸಬೇಡಿ, ದೂರದ ಒಣ ನೆಲದ ಮೇಲೆ ತೊಳೆದು ಬಿಸಿಲಿಗೆ ಹಾಕಿರಿ. ಹುಳ ಇಣುಕಿದರೆ ಜಗ್ಗಬೇಡಿ, ಕಡ್ಡಿಗೆ ಮೆಲ್ಲಗೆ ಸುತ್ತಿರಿ. ಮತ್ತು ಕಾಲು ಉರಿದ ದಿನ, ಕೆಳಗಿನ ನೀರು ನಿಮ್ಮನ್ನು ಎಷ್ಟೇ ಕರೆದರೂ, ಮೇಲಿನ ಮೆಟ್ಟಿಲಲ್ಲೇ ಕೂತು ಅತ್ತುಬಿಡಿ. ಇಳಿಯಬೇಡಿ. ಕೆಳಗೆ ಯಾರದೋ ಮಗಳು ಕೊಡ ತುಂಬುತ್ತಿರುತ್ತಾಳೆ.